ಕಾಲ್ಪೇಟಿಗೆ ಕರಕರ ಚಪ್ಪಲಿ

ತಲೆಗೆ ಏನು ಸುತ್ತಬೇಕೆಂದು ಹೇಳಿಕೊಡಲು ನಮ್ಮ ಮನೆಯಲ್ಲಿ ಹಿರಿಯರು ಬೇಕಾದಷ್ಟು ಮಂದಿ ಇದ್ದರು. ಕಾಲಿಗೆ ಏನು ಹಾಕಬೇಕೆಂದು ಹೇಳಿದವರು ಒಬ್ಬರೇ, ನಮ್ಮ ನಾಟಕದ ಮಾಸ್ತರ ಬಸಲಿಂಗಯ್ಯನವರು. ಅವರ ಮಾತನ್ನು ನಾನು ಕೇಳಲಿಲ್ಲ. ಪೊಲೀಸ್ ಆ್ಯಕ್ಷನ್ ಮುಗಿದು ನಾಲ್ಕಾರು ವರ್ಷವಾಗಿತ್ತು. ಉದಗೀರದ ಸುತ್ತಮುತ್ತ ನಾವು ಕನ್ನಡ ನಾಟಕ ಆಡುತ್ತಿದ್ದೆವು. ನಾನು ಕಾಲ್ಪೇಟಿ ಬಾರಿಸುತ್ತಿದ್ದೆ. ಕುರ್ಚಿಯ ಮೇಲೆ ಕೂತು, ಕೆಳಗಿನ ಎರಡು ಹಲಗೆಗಳನ್ನು ಸರದಿಯಂತೆ ತುಳಿದು ಗಾಳಿ ತುಂಬುವ ಹಾರ್ಮೋನಿಯಂ ಅದು. "ಬರಿಗಾಲಲೇ ತುಳಿಯಪಾ, ಎಷ್ಟಾದರೂ ಸರಸ್ವತಿ ಅದಾಳ" ಎನ್ನುತ್ತಿದ್ದರು ಮಾಸ್ತರರು. ಸರಸ್ವತಿಯನ್ನು ಬರಿಗಾಲಲ್ಲಿ ತುಳಿದರೆ ನಡೆಯುತ್ತದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆದರೆ ಆ ಸಲ ಉದಗೀರದ ಕಾಳಿನ ಪೇಟೆ ಮೊಂಢಾದಲ್ಲಿ, ಜೋಳದ ಚೀಲ ಸರಿಸಿ ಕಟ್ಟಿದ ರಂಗದೆದುರು, ವರನೆಂದು ನನ್ನನ್ನು ನೋಡಲು ಜಳಕೋಟದ ಶಿವಲಿಂಗಪ್ಪನವರು ಬಂದು ಕೂರುವವರಿದ್ದರು. ಅವರ ಮಗಳು ಗೌರಮ್ಮನನ್ನು ಒಂದು ಲಗ್ನದಲ್ಲಿ ಕಂಡಾಗಿನಿಂದ ನನ್ನ ತಾಳ ತಪ್ಪಿತ್ತು. ನಾಟಕದವನಿಗೆ ಹೆಣ್ಣು ಕೊಡಲು ಹತ್ತು ಸಲ ಯೋಚಿಸುವ ಕಾಲ. ಬರಿಗಾಲಲ್ಲಿ ಕೂತರೆ ನನ್ನ ಒಡೆದ ಹಿಮ್ಮಡಿಗಳು ನೇರ ಅವರ ಕಣ್ಣಿಗೇ! ನಿಲಂಗಾಕ್ಕೆ ಹೋಗಿ ಚಪ್ಪಲಿ ಹೊಲಿಯುವ ದಗಡೂನ ಮುಂದೆ ಕಾಲು ಚಾಚಿದೆ. "ಆವಾಜದ್ದು ಬೇಕೇನ್ರಿ, ಸಾದಾ ಸಾಕೇನ್ರಿ?" ಎಂದ. ಅಟ್ಟೆಯ ಪದರುಗಳ ನಡುವೆ ಬೀಜವಿಟ್ಟು ಹೊಲಿದರೆ ಹೆಜ್ಜೆಗೊಮ್ಮೆ ಕರಕರ ಅನ್ನುತ್ತದೆ; ನಮ್ಮ ಕಡೆ ದೊಡ್ಡ ಮನುಷ್ಯರ ಗುರುತೇ ಅದು. "ಛಲೋ ಆವಾಜ ಇಡಪಾ" ಎಂದೆ. ಧೂಳು ಹತ್ತೀತೆಂದು ನಾಟಕದ ತನಕ ಮೆಟ್ಟಿಯೂ ನೋಡಲಿಲ್ಲ.

ಮೊದಲ ಅಂಕದಲ್ಲಿ ಯುದ್ಧವಿತ್ತು, ಢೋಲಿನ ಗದ್ದಲದಲ್ಲಿ ಏನೂ ತಿಳಿಯಲಿಲ್ಲ. ಎರಡನೆಯದರಲ್ಲಿ ರಾಜ ಸತ್ತ. ರಾಣಿಯ ವೇಷದ ಗುರಪ್ಪ ಅವನ ಎದೆಯ ಮೇಲೆ ಬಿದ್ದು ಸಾವಕಾಶ ಅಳುವ ಪದ ಎತ್ತಿದ. ನಾನೂ ಸಾವಕಾಶ ತುಳಿದೆ. ಕರ್ರ್... ಕುರ್ರ್... ಮುಂದಿನ ಸಾಲಿನವರು ಕಿಸಕ್ಕೆಂದರು. ರಾಣಿ ಸೆರಗಿನ ಮರೆಯಲ್ಲಿ, "ಲೇ, ಆ ಕೆರ ಕಳೀಲೇ!" ಎಂದಳು. ಕಳೆಯುವುದು ಹೇಗೆ? ಕಾಲು ನಿಂತರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಸ್ವರ ಸಾಯುತ್ತದೆ. ಒಂದು ಕಾಲಲ್ಲಿ ತುಳಿಯುತ್ತ ಇನ್ನೊಂದನ್ನು ಝಾಡಿಸಿದೆ. ಪೇಟಿ ಕುರಿಯಂತೆ ಅರಚಿತು. ಚಪ್ಪಲಿ ಹಾರಿ ರಾಜನ ಹೊಟ್ಟೆಯ ಮೇಲೆ ಬಿತ್ತು. ಸತ್ತ ರಾಜನ ಹೊಟ್ಟೆ ಕುಣಿಯತೊಡಗಿತು. ಪರದೆ ಎಳೆದರು.

ಗೌರಮ್ಮ ಕೈತಪ್ಪಿದಳೆಂದುಕೊಂಡು, ಒಂಟಿ ಚಪ್ಪಲಿಯಲ್ಲಿ ಶಿವಲಿಂಗಪ್ಪನವರ ಮುಂದೆ ಹೋಗಿ ನಿಂತೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು, ಅತ್ತು ಅಲ್ಲ.

"ತಮ್ಮಾ, ನಾಟಕದವರು ಯಾವಾಗ ಬರ್ತಾರ, ಯಾವಾಗ ಹೋಗ್ತಾರ ಗೊತ್ತಾಗಲ್ಲಂತ ಅಂಜಿಕಿ ಇತ್ತು ನಂಗ. ನೀ ಎಲ್ಲಿದ್ದರೂ ಗೊತ್ತಾಗ್ತದ. ಪೋರಿ ಕೊಟ್ಟೆ, ಹೋಗು" ಎಂದರು.

ಲಗ್ನವಾಯಿತು. ಈಗ ನಾನು ಬೇಕೆಂದರೂ ಸಾದಾ ಚಪ್ಪಲಿ ಮೆಟ್ಟುವಂತಿಲ್ಲ; ಪ್ರತಿ ದೀಪಾವಳಿಗೆ ಮಾವನವರೇ ಹೊಸ ಜೋಡು ಹೊಲಿಸಿ, ಕಿವಿಯ ಹತ್ತಿರ ಹಿಡಿದು ಮಡಚಿ ಆವಾಜ ನೋಡಿ ಕಳಿಸುತ್ತಾರೆ. ನಾನು ಓಣಿಯ ತಿರುವಿನಲ್ಲಿರುವಾಗಲೇ ಗೌರಮ್ಮ ಉಂಡಿಯ ಡಬ್ಬಿಯನ್ನು ನನ್ನ ಕೈಗೆ ಸಿಗದಂತೆ ಮೇಲಿನ ಹಲಗೆಗೆ ಏರಿಸಿರುತ್ತಾಳೆ.