ಅಪ್ಪನ ಎಡೆ, ನನ್ನ ಗಂಜಿ

ನಗೋ ಹಾಗೂ ಇಲ್ಲ, ಅಳೋ ಹಾಗೂ ಇಲ್ಲ ಅನ್ನೋ ಪ್ರಸಂಗಗಳಿಗೆ ನಮ್ಮ ಮನೇಲಿ ಬರವೇ ಇಲ್ಲ. ನಮ್ಮಪ್ಪ ಭಾರೀ ಮೈಯವರು, ಐವತ್ತು ತುಂಬೋ ಮೊದಲೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ನನಗೂ ಅದೇ ಮೈ, ಈಗ ಹತ್ತತ್ತಿರ ಅದೇ ವಯಸ್ಸು. ಹೆದರಿ, ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡಿಸಿಕೊಂಡೆ. ನನ್ನ ವಾರಗಿತ್ತಿಯೂ ಜೊತೆಗೇ ಮಾಡಿಸಿಕೊಂಡಳು.

ಅಡುಗೆಮನೆ ಬೀಗ

ಗೋಪಾಳ ಬಡಾವಣೆಯ ಅತ್ತೆಮನೇಲಿ ಇಬ್ಬರಿಗೂ ಒಂದೇ ಪಾತ್ರೆಯ ಗಂಜಿ, ಒಂದೇ ಅಳತೆ. ಅವಳು ಇಳಿದೇ ಇಳಿದಳು. ನಾನು ಒಂದಿಷ್ಟು ಇಳಿದು ಅಲ್ಲೇ ನಿಂತೆ. "ಕದ್ದು ತಿನ್ನದೆ ಹೀಗಾಗುತ್ತಾ, ಮಾರಾಯ್ತಿ?" ಅಂತ ಅತ್ತೆ ಅಡುಗೆಮನೆಗೆ ಬೀಗ ಜಡಿದರು. ನನಗೆ ಮೈಯೆಲ್ಲ ಉರೀತು. ಬೀಗದ ಕೈ ಕಳೆದುಹಾಕಿದ್ದೂ ಅವರೇ. ಆವತ್ತು ಮನೆಮಂದಿಗೆಲ್ಲ ಉಪವಾಸ. ತೂಕ ಇಳಿದಿದ್ದು ಮಾತ್ರ ವಾರಗಿತ್ತಿಯದು!

ಡಾಕ್ಟರ ಮಾತು

"ಆಪರೇಷನ್ ಒಂದೇ ಆದ್ರೂ ಫಲ ಎಲ್ರಿಗೂ ಒಂದೇ ಥರ ಇರಲ್ಲಮ್ಮ. ಅಪ್ಪ ಅಮ್ಮನಿಂದ ಬಂದ ಜೀನ್ಸೂ ಒಂದು ಕಾರಣ ಇರಬಹುದು. ನಿಮ್ಮ ತಪ್ಪು ಅಂತ ತಿಳ್ಕೋಬೇಡಿ," ಅಂದರು ಡಾಕ್ಟರು. ನಾನು ಅಲ್ಲೇ ಅತ್ತುಬಿಟ್ಟೆ.

ಪಕ್ಕದಲ್ಲಿದ್ದ ಅತ್ತೆ ಕೇಳಿದರು: "ಹಂಗಾದ್ರೆ ಹೆಣ್ಣು ನೋಡೋಕೆ ಹೋದಾಗ ಜಾತಕ ಬಿಟ್ಟು ಇವಳಪ್ಪನ್ನ ತೂಕ ಹಾಕ್ಬೇಕಿತ್ತಾ, ಡಾಕ್ಟ್ರೇ?"

ಕಾಗೆ

ಪಿತೃಪಕ್ಷಕ್ಕೆ ಭದ್ರಾವತಿ ಓಲ್ಡ್ ಟೌನಿನ ತವರಿಗೆ ಹೋದೆ. ಅಪ್ಪನ ಎಡೆಗೆ ಅಂತ ಅಮ್ಮ ಬಾಣಲೆ ತುಂಬ ವಡೆ ಕರೀತಿದ್ದಳು. ಸಿಟ್ಟು ನೆತ್ತಿಗೇರಿತು. "ಇದನ್ನೇ ತಿಂದು ಹೋದ್ರು, ಈಗಲೂ ಇದೇನಾ?" ಅಂತ ಎಲೆಗೆ ನನ್ನ ಗಂಜಿ ಬಡಿಸಿ ತಾರಸಿ ಮೇಲಿಟ್ಟೆ.

ಕಾಗೆ ಎಡೆ ಮುಟ್ಟೋ ತನಕ ಮನೇಲಿ ಯಾರೂ ಉಣ್ಣೋ ಹಾಗಿಲ್ಲ. ಕಾಗೆ ಬಂತು, ಗಂಜಿ ನೋಡ್ತು, ಹೋಗಿ ನೀರಿನ ಟ್ಯಾಂಕ್ ಮೇಲೆ ಕೂತ್ಕೊಂಡ್ತು. ಹೊತ್ತು ಇಳೀತಾ ಬಂತು. ನಾನು ಕೈ ಮುಗಿದೆ. "ಅಪ್ಪಾ, ನಂಗೂ ನಿನ್ನ ಥರಾನೇ ಆಗುತ್ತೇನೋ ಅಂತ ಭಯ. ನನಗೋಸ್ಕರ ಒಂದು ತುತ್ತು ತಿನ್ನಪ್ಪಾ," ಅಂದೆ. ಊಹೂಂ.

ಅಮ್ಮ ಮೆಲ್ಲಗೆ ಎಲೆ ಅಂಚಿಗೆ ಒಂದು ವಡೆ ಇಟ್ಟಳು. ಕಾಗೆ ರಪ್ಪನೆ ಎರಗಿ ಕಚ್ಚಿಕೊಂಡು ಹೋಯ್ತು.

ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಅಂದಳು: "ಸತ್ತ ಮೇಲೂ ಪಥ್ಯ ಮಾಡದ ಮನುಷ್ಯನ ಮಗಳಲ್ವೇನೇ ನೀನು? ಪಾಪ, ಆ ಡಾಕ್ಟ್ರಾದ್ರೂ ಏನು ಮಾಡ್ತಾರೆ!"