ಆ ಫೋನ್ ಎತ್ತಿದವರು

ಅಂದು ಬೆಳಿಗ್ಗೆ ಎಣ್ಣೆ ಕಂಪನಿಯ ಟೆಲಿಫೋನಿನ ಸಂಗೀತ ಕೆಟ್ಟಿತ್ತು.

ಹೊರಗಿನವರಿಗೆ ಇದು ದೊಡ್ಡ ವಿಷಯವಲ್ಲ. ಕಂಪನಿಗೆ ದೂರು ಹೇಳಲು ಫೋನ್ ಮಾಡಿದವರಿಗೆ ‘ದಯವಿಟ್ಟು ಕಾಯಿರಿ’ ಎಂದ ಮೇಲೆ ಒಂದು ಕೊಳಲಿನ ರಾಗ ಕೇಳಿಸುತ್ತಿತ್ತು. ಅದು ಮುಗಿಯುತ್ತಿರಲಿಲ್ಲ. ಮುಗಿಯುವಂತೆ ಮಾಡಿ ಮತ್ತೆ ಮೊದಲಿಗೆ ಬರುತ್ತಿತ್ತು. ಎಂಥ ಸಿಟ್ಟಿನವರೂ ಸ್ವಲ್ಪ ಹೊತ್ತಿಗೆ ಸೋತು ಫೋನ್ ಇಡುತ್ತಿದ್ದರು. ನಮಗೆ ಬರುವ ದೂರುಗಳು ಬಹಳ ಕಡಿಮೆ ಎಂದು ಕಂಪನಿ ಪ್ರತಿ ವರ್ಷ ಹೇಳಿಕೊಳ್ಳುತ್ತಿದ್ದುದರ ಹಿಂದೆ ಆ ಕೊಳಲಿನ ಶ್ರಮ ಸಾಕಷ್ಟಿತ್ತು.

ಅದು ಕೆಡಲು ಇದಕ್ಕಿಂತ ಕೆಟ್ಟ ದಿನ ಸಿಗುತ್ತಿರಲಿಲ್ಲ. ಕಡಲೊಳಗಿನ ಬಾವಿಯಿಂದ ದಡಕ್ಕೆ ಎಣ್ಣೆ ತರುವ ಕೊಳವೆ ಒಡೆದು, ಅಲೆಗಳು ಕಪ್ಪಗಾಗಿ, ಊರಿನ ಮರಳಿನ ಮೇಲೆ ದೋಸೆ ಹುಯ್ದಂತೆ ಎಣ್ಣೆ ಹರಡಿತ್ತು. ಅದನ್ನು ತಡೆಯುವ ಸಾಮಾನು ಕಂಪನಿಯಲ್ಲಿ ಇಲ್ಲದಿರಲಿಲ್ಲ. ನೀರಿನ ಮೇಲೆ ತೇಲುವ ಉದ್ದನೆಯ ರಬ್ಬರ್ ತಡೆಗೋಡೆ ಗೋದಾಮಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಆದರೆ ಅದನ್ನು ಹೊರಗೆ ತೆಗೆದರೆ ಎಣ್ಣೆ ನಮ್ಮದೇ ಎಂದು ಒಪ್ಪಿಕೊಂಡಂತಾಗುತ್ತದೆ ಎಂದು ಕಾನೂನು ಅಧಿಕಾರಿ ಗೋದಾಮಿಗೆ ಬೀಗ ಹಾಕಿಸಿದ್ದರು.

ಸಂಗೀತ ಕೆಟ್ಟ ಸಂಗತಿ ಟೆಲಿಫೋನ್ ಆಪರೇಟರನಿಗೆ ಗೊತ್ತಾದದ್ದು ಆಫೀಸಿಗೆ ಹೋದ ಮೇಲೆ. ಅಷ್ಟರಲ್ಲೇ ಅವನ ದಿನ ಅರ್ಧ ಕೆಟ್ಟಿತ್ತು. ಮನೆಯಿಂದ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು ಎಚ್ಚರಿಸಿದ್ದಳು.

“ರೀ, ಇವತ್ತು ನಿಮ್ಮ ಕೆಲ್ಸ ಕಾಯಂ ಮಾಡೋ ದಿನ. ಯಾರ ಹತ್ರನೂ ಮಾತಿಗೆ ಸಿಕ್ಕಿಹಾಕ್ಕೋಬೇಡಿ.”

“ಮಾತಾಡೋದೇ ನನ್ನ ಕೆಲ್ಸ ಕಣೇ.”

“ಕೆಲ್ಸದಲ್ಲಿ ಮಾತಾಡಿ. ನಿಮ್ಮ ಮಾತು ಬೇಡ.”

ಅವನು ಸೇರಿದಾಗಿನಿಂದ ಹಂಗಾಮಿ ನೌಕರ. ‘ಒಂದು ದೂರೂ ಇರಬಾರದು, ಅಷ್ಟೇ’ ಎಂದು ಆಡಳಿತಾಧಿಕಾರಿ ಹೇಳುತ್ತ ಬಂದಿದ್ದರು. ಪ್ರತಿ ಸಲವೂ ಏನಾದರೊಂದು ಅಡ್ಡ ಬರುತ್ತಿತ್ತು. ಈ ಸಲ ಕಡತ ಜನರಲ್ ಮ್ಯಾನೇಜರ್ ಸಾಹೇಬರ ಮೇಜಿನವರೆಗೆ ಹೋಗಿತ್ತು. ಸಂಜೆ ಸಹಿ.

ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಎದುರಾದರು. ನಿವೃತ್ತರು. ದಿನಾ ಬೆಳಿಗ್ಗೆ ಕಡಲ ತಡಿಯಲ್ಲಿ ನಡೆಯುವ ಅಭ್ಯಾಸ. ಎರಡು ಬೆರಳಲ್ಲಿ ಸತ್ತ ಇಲಿಯನ್ನು ಹಿಡಿದಂತೆ ಚಪ್ಪಲಿ ಹಿಡಿದಿದ್ದರು.

“ಏನ್ರೀ, ನಿಮ್ಮ ಕಂಪನಿ ನನ್ನ ಚಪ್ಪಲಿಗೆ ಡಾಂಬರು ಹಾಕಿ ಕಳ್ಸಿದೆ, ನೋಡಿ.”

“ಮೇಷ್ಟ್ರೇ, ನಾನು ಬರೀ ಫೋನ್ ಎತ್ತೋನು.”

“ಮತ್ತೆ? ಎತ್ತೋರಿಗೆ ಹೇಳ್ದೆ ಎತ್ತದೇ ಇರೋರಿಗೆ ಹೇಳೋಕಾಗುತ್ತಾ? ಜವಾಬ್ದಾರಿ ಅನ್ನೋದು ಇರ್ಬೇಕು ಕಣ್ರೀ ಮನುಷ್ಯನಿಗೆ.”

ಕೆಲಸ ಕಾಯಂ ಆಗುವ ದಿನ ಜಗಳ ಬೇಡವೆಂದು ಆಪರೇಟರ್ ಚಪ್ಪಲಿಗೆ ಕೈ ಮುಗಿದಂತೆ ಮಾಡಿ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಂಪನಿಯ ಗುರುತಿನ ಚೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ. ಕಂಡಕ್ಟರು ಅದನ್ನೂ ಗಮನಿಸಿ, “ಮುಚ್ಕೊಳಿ, ಮುಚ್ಕೊಳಿ,” ಎಂದ.

ಆಫೀಸಿನಲ್ಲಿ ಆಡಳಿತಾಧಿಕಾರಿಯೂ ಕಾನೂನು ಅಧಿಕಾರಿಯೂ ಅವನ ಕುರ್ಚಿಯ ಎರಡು ಪಕ್ಕ ನಿಂತು ಕಾಯುತ್ತಿದ್ದರು.

“ಸೋರಿಕೆ ಅನ್ನಬಾರದು,” ಎಂದರು ಕಾನೂನು ಅಧಿಕಾರಿ. “ಘಟನೆ ಅನ್ನಿ. ತಪ್ಪು ಅನ್ನೋ ಪದ ಬಾಯಿಗೆ ಬರಬಾರದು. ಕ್ಷಮಿಸಿ ಅಂದ್ರಂತೂ ಮುಗೀತು, ಕೋರ್ಟಲ್ಲಿ ಅದೇ ತಪ್ಪೊಪ್ಪಿಗೆ.”

“ರಾಂಗ್ ನಂಬರ್ ಬಂದ್ರೆ ನಾನು ದಿನಾ ಕ್ಷಮಿಸಿ ಅಂತೀನಲ್ಲ ಸಾರ್?”

“ಇವತ್ತು ಅದೂ ಬೇಡ. ಸಂಬಂಧಪಟ್ಟ ವಿಭಾಗಕ್ಕೆ ಕೊಡಿ, ಸಂಗೀತ ಹಾಕಿ.”

“ಸಂಗೀತ ಕೆಟ್ಟಿದೆ ಸಾರ್. ಮೆಕ್ಯಾನಿಕ್‌ಗೆ ಫೋನ್ ಮಾಡ್ದೆ. ಅವನ ಮನೆ ಕಡಲ ಪಕ್ಕನೇ ಅಂತೆ. ಮನೆ ಮುಂದಿನ ಎಣ್ಣೆ ಬಳ್ದು ತೆಗೀತಾ ಇದೀನಿ, ನಿಮ್ಮ ಕೊಳಲು ನೀವೇ ಊದ್ಕೊಳಿ ಅಂದ.”

ಆಡಳಿತಾಧಿಕಾರಿ ಅವನ ಹೆಗಲು ತಟ್ಟಿದರು. “ಸಂಜೆವರೆಗೂ ಹುಷಾರಾಗಿರಿ. ನಾನೇ ಸಹಿಗೆ ಇಟ್ಟಿದೀನಿ.”

ಕರೆಗಳು ಶುರುವಾದವು. ದೂರನ್ನು ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಕೊಟ್ಟರೆ ಅವರು ಸುರಕ್ಷತಾ ವಿಭಾಗಕ್ಕೆ ದಾಟಿಸುವರು. ಸುರಕ್ಷತೆಯವರು ಕೊಳವೆ ಹಾಕಿದ ಗುತ್ತಿಗೆದಾರರ ನಂಬರು ಕೊಡುವರು. ಗುತ್ತಿಗೆದಾರರು, ಕಂಪನಿಯ ಮುಖ್ಯ ನಂಬರಿಗೆ ಮಾಡಿ ಎನ್ನುವರು. ಮುಖ್ಯ ನಂಬರು ಎಂದರೆ ಆಪರೇಟರು. ಹಿಂದೆಯೂ ಕರೆಗಳು ಹೀಗೇ ಗಾಣದ ಎತ್ತಿನಂತೆ ಸುತ್ತುತ್ತಿದ್ದವು, ಆದರೆ ದಾರಿಯಲ್ಲಿ ಕೊಳಲು ಅವನ್ನು ಮಲಗಿಸುತ್ತಿತ್ತು. ಇವತ್ತು ಒಂದೂ ಮಲಗಲಿಲ್ಲ. ಸುತ್ತು ಹಾಕಿ ಬರುವಷ್ಟರಲ್ಲಿ ಪ್ರತಿಯೊಂದಕ್ಕೂ ಇನ್ನಷ್ಟು ಸಿಟ್ಟು ಬಂದಿರುತ್ತಿತ್ತು. ಹೋಟೆಲಿನವನು ಬೈದ. ಬೋಟಿನ ಮಾಲೀಕ ಬೈದ. ಕಡಲಿಗೂ ತನಗೂ ಸಂಬಂಧವೇ ಇಲ್ಲದ ಒಬ್ಬಾತ ಬೇರೆಯವರಿಗೆ ಲೈನ್ ಸಿಗಲಿಲ್ಲವೆಂದು ಅವರ ಪರವಾಗಿ ಬೈದ.

ಬೈಯದೆ ಇದ್ದದ್ದು ಒಬ್ಬ ಮುದುಕಿ. ಅವಳೂ ಪೂರಾ ಸುತ್ತು ಹಾಕಿ ಮತ್ತೆ ಅವನಲ್ಲಿಗೇ ಬಂದಿದ್ದಳು.

“ಅಪ್ಪಾ, ಮತ್ತೆ ನಾನೇ. ಬಂದರಿನಿಂದ. ಮೊದ್ಲು ಮಾತಾಡಿದ್ದು ನೀನೇ ಅಲ್ವಾ?”

“ಹೌದಮ್ಮ. ಅದು… ಆ ಘಟನೆ ಬಗ್ಗೆ ಸಂಬಂಧಪಟ್ಟ ವಿಭಾಗ…”

“ವಿಭಾಗ ಎಲ್ಲಾ ನೋಡ್ಕೊಂಡ್ ಬಂದೆ. ನಾನು ಏನೂ ಕೊಡಿ ಅಂತ ಕೇಳ್ತಿಲ್ಲ. ನಮ್ಮೆಜಮಾನ್ರ ದೋಣಿ ಇಂಜಿನ್ನು ಹಳೇದು, ಒಂದೊಂದ್ ಸಲ ಎಣ್ಣೆ ಬಿಡುತ್ತೆ. ಮೊದ್ಲು ಕಪ್ಪು ಕಂಡಿದ್ದು ಆ ದೋಣಿ ಪಕ್ಕನೇ. ಬಂದರಿನೋರೆಲ್ಲ, ನಿನ್ನಿಂದ್ಲೇ ಆಯ್ತು ಅಂತ ಅವರ ಮೇಲೆ ಬಿದ್ರು. ಅವರೂ ಹಂಗೇ ನಂಬ್ಕೊಂಡು ಊಟ ಬಿಟ್ಟು ಕೂತಿದಾರೆ. ಇಡೀ ಕಡಲನ್ನ ಹಾಳು ಮಾಡ್ಬಿಟ್ಟೆ ಅಂತಾರೆ. ಯಾರ ತಪ್ಪು ಅಂತ ಒಬ್ರು ಬಾಯಿಬಿಟ್ಟು ಹೇಳಿ, ಸಾಕು.”

ಆಪರೇಟರ್ ಸಂಗೀತದ ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಅತ್ತ ಕಡೆ ಮುದುಕಿ ಉಸಿರಾಡುವುದು ಕೇಳಿಸುತ್ತಿತ್ತು. ಅದರ ಹಿಂದೆ ಯಾರೋ ಕೆಮ್ಮಿದರು. ಆ ಯಜಮಾನರೇ ಇರಬೇಕು.

ಸಂಜೆಯ ಸಹಿ ನೆನಪಾಯಿತು. ಹೆಂಡತಿಯೂ ನೆನಪಾದಳು. ಆದರೂ ಒಂದು ಹಳೇ ದೋಣಿ ಇಷ್ಟೂ ಕಡಲಿಗೆ ಮಸಿ ಬಳಿಯಿತೆಂದು ಒಬ್ಬ ಮನುಷ್ಯ ಊಟ ಬಿಟ್ಟು ಕೂತಿರುವಾಗ ಅದಕ್ಕೆ ‘ಘಟನೆ’ ಎನ್ನಲು ಅವನ ನಾಲಿಗೆ ಹೊರಳಲಿಲ್ಲ.

“ಅಮ್ಮ, ಅವರಿಗೆ ಊಟ ಮಾಡೋಕೆ ಹೇಳಿ. ಅದು ನಿಮ್ಮೆಜಮಾನ್ರ ತಪ್ಪಲ್ಲ. ನಮ್ಮ ಕೊಳವೆ ಒಡೆದಿದ್ದು. ತಪ್ಪು ಕಂಪನಿದು. ಕ್ಷಮಿಸಿ.”

ಅತ್ತ ಹೊಳೆ ಕಟ್ಟೆ ಒಡೆದಂತೆ ಗದ್ದಲ.

“ಏನಮ್ಮ ಅದು ಸದ್ದು?”

“ಅವರಿಗೆ ಕಿವಿ ಮಂದ ಕಣಪ್ಪಾ. ಅದಕ್ಕೆ ಸ್ಪೀಕರ್ ಹಾಕಿದ್ದೆ. ಬಂದರಿನೋರೆಲ್ಲ ಇಲ್ಲೇ ಇದಾರೆ. ಪೇಪರಿನೋರೂ ಇದಾರೆ.”

ಆಪರೇಟರ್ ಬಿಸಿ ಪಾತ್ರೆ ಮುಟ್ಟಿದವನಂತೆ ಫೋನ್ ಇಟ್ಟ.

ಅರ್ಧ ಗಂಟೆಯೊಳಗೆ ‘ತಪ್ಪೊಪ್ಪಿಕೊಂಡ ಎಣ್ಣೆ ಕಂಪನಿ’ ಎಂಬ ಸುದ್ದಿ ಊರಿನ ಎಲ್ಲ ಮೊಬೈಲುಗಳಲ್ಲೂ ಓಡಾಡುತ್ತಿತ್ತು. ಕಾನೂನು ಅಧಿಕಾರಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದರು.

“ಯಾರು ಹೇಳಿದ್ದು? ಯಾವ ವಿಭಾಗ?”

ಸಾರ್ವಜನಿಕ ಸಂಪರ್ಕದವರು ಸುರಕ್ಷತೆಯವರನ್ನು ತೋರಿಸಿದರು. ಸುರಕ್ಷತೆಯವರು ಗುತ್ತಿಗೆದಾರರನ್ನು ತೋರಿಸಿದರು. ಅಂದು ಮೊದಲ ಸಲ ಆ ಸುತ್ತು ಆಪರೇಟರನವರೆಗೆ ಬರದೆ ನಿಂತಿತು. ಅಷ್ಟು ದೊಡ್ಡ ಮಾತು ಅಷ್ಟು ಸಣ್ಣ ಸಂಬಳದವನ ಬಾಯಿಂದ ಬಂದೀತೆಂದು ಯಾರಿಗೂ ಹೊಳೆಯಲಿಲ್ಲ.

“ಸಿಕ್ಕಿದ್ರೆ ಇವತ್ತೇ ಮನೆಗೆ ಕಳಿಸ್ತೀನಿ,” ಎಂದರು ಆಡಳಿತಾಧಿಕಾರಿ.

“ಸಾರ್, ಅದು…” ಎಂದು ಆಪರೇಟರ್ ಎದ್ದು ನಿಂತ.

“ನೀವು ಮಧ್ಯೆ ಬರ್ಬೇಡಿ. ಕೂತು ಫೋನ್ ನೋಡ್ಕೊಳಿ.”

ಅವನು ಕೂತ. ಇನ್ನೊಂದು ಸಲ ಎದ್ದ. ಅಷ್ಟರಲ್ಲಿ ಕಾವಲುಗಾರ ಓಡಿ ಬಂದು, ಬಂದರಿನ ಜನ ಮೆರವಣಿಗೆಯಲ್ಲಿ ಬರುತ್ತಿದ್ದಾರೆ ಎಂದ. ಜನರಲ್ ಮ್ಯಾನೇಜರ್ ಸಾಹೇಬರು ತಮ್ಮ ಕೋಣೆಯ ದೀಪ ಆರಿಸಿ ಒಳಗಿನಿಂದ ಚಿಲಕ ಹಾಕಿಕೊಂಡರು.

ಜನ ಬಂದರು, ನಿಜ. ಆದರೆ ಕೈಯಲ್ಲಿ ಕಲ್ಲಿರಲಿಲ್ಲ. ಬಕೆಟ್ಟು, ಸಲಿಕೆ, ಹಗ್ಗ ಇದ್ದವು. ಮುಂದೆ ನಿಂತಿದ್ದವರು ಬೋಟಿನ ಸಂಘದ ಮುಖಂಡರು.

“ಇಷ್ಟು ಹೊತ್ತು ಯಾರ ತಪ್ಪು ಅಂತ ಜಗಳ ಆಡ್ತಾ ಕೂತಿದ್ವಿ,” ಎಂದರು. “ಈಗ ನೀವೇ ಒಪ್ಕೊಂಡ್ರಿ. ಮುಗೀತು. ದೋಣಿ ನಮ್ದು, ಸಾಮಾನು ನಿಮ್ದು. ಗೋದಾಮು ತೆಗೀರಿ. ಸಂಜೆ ಅಲೆ ಏರೋದ್ರೊಳಗೆ ತಡೆ ಕಟ್ಬೇಕು.”

ಕಾನೂನು ಅಧಿಕಾರಿ ಬಾಯಿ ತೆರೆದರು. ಆಗಲೇ ರಾಜಧಾನಿಯಿಂದ ಕಂಪನಿಯ ಅಧ್ಯಕ್ಷರ ಕರೆ ಬಂತು. ಆಪರೇಟರ್ ಅದನ್ನು ಮೇಲೆ ಸಾಹೇಬರ ಕೋಣೆಗೆ ಕೊಟ್ಟ. ಮೇಲೆ ದೀಪ ಹತ್ತಿತು.

ಅಧ್ಯಕ್ಷರಿಗೆ ಬಹಳ ಸಂತೋಷವಾಗಿತ್ತಂತೆ. ಎಲ್ಲ ಕಡೆ ಹೊಗಳಿಕೆಯಂತೆ. ಮಂತ್ರಿಗಳೇ ಫೋನ್ ಮಾಡಿ, ಧೈರ್ಯದ ಕಂಪನಿ ಎಂದರಂತೆ. ಆ ಮಾತು ಹೇಳಿದವರಾರು ಎಂದು ಕೇಳಿದರಂತೆ.

ಸುದ್ದಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ಆಫೀಸಿನ ಗಾಳಿ ತಿರುಗಿತ್ತು. ಅದು ನಮ್ಮ ವಿಭಾಗದ ಮೊದಲಿನಿಂದಲೂ ಇದ್ದ ನಿಲುವು ಎಂದರು ಸಾರ್ವಜನಿಕ ಸಂಪರ್ಕದವರು. ಹಾಗೆ ಹೇಳುವಂತೆ ಸೂಚಿಸಿದ್ದು ನಾವು ಎಂದರು ಸುರಕ್ಷತೆಯವರು. ಕಾನೂನು ಅಧಿಕಾರಿ ಗೋದಾಮಿನ ಬೀಗದ ಕೈಯನ್ನು ಜೇಬಿನಿಂದ ತೆಗೆದು, ಅದನ್ನು ಕಾಪಾಡಿ ಇಟ್ಟುಕೊಂಡದ್ದು ಈ ಗಳಿಗೆಗಾಗಿಯೇ ಎನ್ನುವಂತೆ ಎಲ್ಲರಿಗೂ ತೋರಿಸಿದರು.

ಅಷ್ಟರಲ್ಲಿ ಜನರಲ್ ಮ್ಯಾನೇಜರ್ ಸಾಹೇಬರೇ ಬಾಗಿಲಿಗೆ ಬಂದರು.

“ಆ ತಾಯಿ ಜೊತೆ ಮಾತಾಡಿದ್ದು ನಾನೇ,” ಎಂದರು. “ಫೋನ್ ಹೊಡ್ಕೊಳ್ತಾನೇ ಇತ್ತು. ಮನಸ್ಸು ತಡೀಲಿಲ್ಲ. ನಾನೇ ಎತ್ತಿದೆ.”

ಚಪ್ಪಾಳೆ ಬಿತ್ತು. ಗುಂಪಿನಲ್ಲಿ ಬರಿಗಾಲಲ್ಲಿ ನಿಂತಿದ್ದ ಮೇಷ್ಟ್ರು ಆಪರೇಟರನನ್ನು ಗುರುತಿಸಿ ಹತ್ತಿರ ಬಂದರು. “ನೋಡಿ ಕಲೀರಿ. ಜವಾಬ್ದಾರಿ ಅಂದ್ರೆ ಅದು. ಸ್ವಲ್ಪನಾದ್ರೂ ಮೈಗೆ ಹತ್ತಿಸ್ಕೊಳಿ.”

“ಆಗಲಿ ಮೇಷ್ಟ್ರೇ,” ಎಂದ ಆಪರೇಟರ್.

ಮೇಷ್ಟ್ರ ಬೆನ್ನ ಹಿಂದೆ ಒಬ್ಬ ಮುದುಕಿ ಅವನ ಧ್ವನಿ ಕೇಳಿ ತಿರುಗಿದಳು. ಬಾಗಿಲಲ್ಲಿದ್ದ ಸಾಹೇಬರನ್ನು ನೋಡಿದಳು. ಮತ್ತೆ ಇವನನ್ನು ನೋಡಿದಳು. ಆಪರೇಟರ್ ತಲೆ ಅಲ್ಲಾಡಿಸಿ ಬೇಡವೆಂದ. ಅವಳು ಹಾಗೇ ಆಗಲೆಂಬಂತೆ ತಲೆದೂಗಿ, ದೂರದಲ್ಲಿ ಲಾರಿಗೆ ತಡೆಗೋಡೆಯ ಸುರುಳಿ ಏರಿಸುತ್ತಿದ್ದ ಗಂಡಸರ ಕಡೆ ಬೆರಳು ಮಾಡಿದಳು. ಅವರ ನಡುವೆ ಒಬ್ಬ ಬೋಳುತಲೆಯ ಮುದುಕ ಎಲ್ಲರಿಗಿಂತ ಜೋರಾಗಿ ಕೂಗುತ್ತ, ಹಗ್ಗ ಹೀಗಲ್ಲ ಹಾಗೆ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ.

“ಊಟ ಮಾಡಿ ಬಂದ್ರು,” ಎಂದಳು.

ಸಂಜೆಯ ಹೊತ್ತಿಗೆ ಆಫೀಸಿನ ಕಿಟಕಿಯಿಂದ ದೋಣಿಗಳು ಕಾಣುತ್ತಿದ್ದವು. ಕಿತ್ತಳೆ ಬಣ್ಣದ ತಡೆಗೋಡೆ ಕಪ್ಪು ನೀರನ್ನು ಸುತ್ತುವರಿದಿತ್ತು. ಅದರಾಚೆ ಕಡಲು ಕಡಲಿನ ಬಣ್ಣದಲ್ಲೇ ಇತ್ತು. ಆಪರೇಟರ್ ಅದನ್ನು ನೋಡುತ್ತ ಆಡಳಿತಾಧಿಕಾರಿಯ ಕೋಣೆಗೆ ಹೋದ. ಯಾರೂ ತನ್ನನ್ನು ಹಿಡಿದಿರಲಿಲ್ಲ. ಒಂದು ದೂರೂ ಇರಲಿಲ್ಲ. ಅವನಿಗೆ ಶಿಳ್ಳೆ ಹಾಕಬೇಕೆನ್ನಿಸುತ್ತಿತ್ತು.

ಆಡಳಿತಾಧಿಕಾರಿ ಕೂರಲು ಹೇಳಲಿಲ್ಲ.

“ನಾನು ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ,” ಎಂದರು. “ಜಿ.ಎಂ. ಸಾಹೇಬ್ರು ಸ್ವತಃ ಫೋನ್ ಎತ್ತಬೇಕಾಯ್ತಲ್ಲ, ಆಗ ನೀವೆಲ್ಲಿದ್ರಿ?”

ಆಪರೇಟರ್ ಅವರ ಮುಖ ನೋಡಿದ.

“ಅಧ್ಯಕ್ಷರೇ ಕೇಳಿದಾರೆ. ಇಷ್ಟು ದೊಡ್ಡ ಕಂಪನಿಲಿ ಅಂಥಾ ದಿನ ಫೋನ್ ಹತ್ರ ಒಬ್ಬ ಇರ್ಲಿಲ್ವಾ ಅಂತ. ಸಾಹೇಬ್ರು ಏನ್ ಉತ್ತರ ಕೊಡ್ಬೇಕು ಹೇಳಿ. ಕುರ್ಚಿ ಬಿಟ್ಟು ಹೋಗಿದ್ರೋ, ಇಲ್ವೋ?”

ಹೋಗಿರಲಿಲ್ಲ ಎಂದರೆ ಆ ಫೋನ್ ಎತ್ತಿದ್ದು ತಾನೇ ಎಂದಾಗುತ್ತದೆ. ತಾನೇ ಎಂದರೆ ಸಾಹೇಬರು ಸುಳ್ಳು ಹೇಳಿದರು ಎಂದಾಗುತ್ತದೆ. ಸಾಹೇಬರ ಮಾತು ಸುಳ್ಳಾದರೆ ಆ ತಪ್ಪೊಪ್ಪಿಗೆ ಕಂಪನಿಯದಲ್ಲ, ಒಬ್ಬ ಹಂಗಾಮಿ ನೌಕರನ ಬಾಯಿತಪ್ಪು. ಕಾನೂನು ಅಧಿಕಾರಿ ನಾಳೆ ಬೆಳಿಗ್ಗೆಯೇ ತಡೆಗೋಡೆಯನ್ನು ಸುತ್ತಿ ಗೋದಾಮಿಗೆ ತಂದಾರು. ಕಿಟಕಿಯಾಚೆ ಒಂದು ಹಳೇ ದೋಣಿ ಹೊಗೆ ಬಿಡುತ್ತ ತಡೆಯ ತುದಿಯನ್ನು ಎಳೆದುಕೊಂಡು ಹೋಗುತ್ತಿತ್ತು.

“ಟೀ ಕುಡಿಯೋಕೆ ಹೋಗಿದ್ದೆ ಸಾರ್,” ಎಂದ.

“ಅಂದ್ರೆ, ತಪ್ಪು ಒಪ್ಕೋತೀರಿ.”

“ಒಪ್ಕೋತೀನಿ ಸಾರ್. ತಪ್ಪು ನಂದೇ. ಕ್ಷಮಿಸಿ.”

ಆಡಳಿತಾಧಿಕಾರಿ ನಿಟ್ಟುಸಿರು ಬಿಟ್ಟು, ಕಾಯಂ ಮಾಡುವ ವಿಚಾರವನ್ನು ಮುಂದಿನ ವರ್ಷ ನೋಡೋಣ ಎಂದರು. ಅವನು ಬಾಗಿಲ ಹತ್ತಿರ ಹೋದಾಗ, ತುಸು ಮೆತ್ತಗಾಗಿ ಇನ್ನೊಂದು ಮಾತು ಸೇರಿಸಿದರು.

“ಬೇಜಾರ್ ಮಾಡ್ಕೋಬೇಡಿ. ತಪ್ಪನ್ನ ಹಿಂಗೆ ಧೈರ್ಯವಾಗಿ ಒಪ್ಕೊಳ್ಳೋದನ್ನ ನೀವು ಸಾಹೇಬ್ರನ್ನ ನೋಡಿ ಕಲ್ತಿದೀರಿ ಅಂತ ನಾನೇ ಅವರಿಗೆ ಹೇಳ್ತೀನಿ.”