ಬುಟ್ಟಿಯಲ್ಲಿ ನಿಂತ ವೈನಿ

ನಮ್ಮ ವೈನಿ ಮರಳುಗಾಡಿನಲ್ಲಿ ಹುಟ್ಟಬೇಕಾಗಿದ್ದವರು. ದೇವರು ಮೊದಲು ಗದಗದ ಹತ್ತಿರ ಇಳಿಸಿದ, ಆಮೇಲೆ ತನ್ನ ತಪ್ಪು ತಿದ್ದಿಕೊಳ್ಳಲು ಹೋಗಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಮಳೆಗೆ ಕಳಿಸಿದ! ನಾನು ಹೇಳಿದರೆ ನಂಬಬೇಡಿ. ಆ ಕೊನೆಯ ಭಾನುವಾರ ಅವರ ಮನೆಗೆ ಬಂದಿದ್ದರೆ ನೀವೇ ನಂಬುತ್ತಿದ್ದಿರಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಕಡೆ ಅತ್ತಿಗೆಯನ್ನು ಹಾಗೇ ಕರೆಯುವುದು. ಆ ಭಾನುವಾರ ನಾನು ಲೀಡ್ಸಿನಿಂದ ರೈಲು ಹಿಡಿದು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಬಾಗಿಲು ತೆರೆದಿತ್ತು. ಒಳಗೆ ಹಿಂದಿನ ಕೋಣೆಯಲ್ಲಿ, ಅಗ್ಗಿಷ್ಟಿಕೆಯ ಕಟ್ಟಿಗೆ ತುಂಬುವ ದೊಡ್ಡ ಬೆತ್ತದ ಬುಟ್ಟಿಯಲ್ಲಿ ವೈನಿ ನಿಂತಿದ್ದರು. ಇಳಕಲ್ ಸೀರೆ, ಅದರ ಮೇಲೆ ಕಾರ್ಡಿಗನ್, ಅದರ ಮೇಲೆ ಅಣ್ಣನ ಮಳೆಕೋಟು. ಅಣ್ಣ ಕುರ್ಚಿಯಲ್ಲಿ ಕೂತು ಒಂದು ಕೈಯಲ್ಲಿ ಪೇಪರ್ ಹಿಡಿದು ಓದುತ್ತ, ಇನ್ನೊಂದು ಕೈಯಲ್ಲಿ ಬುಟ್ಟಿಯನ್ನು ತೂಗುತ್ತಿದ್ದ.

"ಶಾಂತಾ, ಬಾ ಬಾ. ಒಳಗ ಬಾ. ಇಬ್ಬರು ಹಿಡೀತೀವೋ ಇಲ್ಲೋ ನೋಡೂಣು."

"ವೈನಿ, ಮೊದಲ ಕೋಟರೆ ತಗೀತೀನ್ರಿ."

"ಬಲೂನಿನಾಗ ಕೋಟ್ ಹಾಕ್ಕೊಂಡ ನಿಲ್ಲಬೇಕವ್ವಾ. ಮುಂಜಾನೆ ಥಂಡಿ ಇರ್ತದ."

ಅಣ್ಣ ಪೇಪರಿನಿಂದ ತಲೆ ಎತ್ತದೆ ಹೇಳಿದ, "ಆಕಿ ಹೆದರಾಕತ್ತಾಳ, ಬಿಡ."

"ನೀವು ಸುಮ್ನ ತೂಗ್ರಿ. ಗಾಳಿ ಮಾತಾಡಂಗಿಲ್ಲ."

ಅಣ್ಣ ಮತ್ತೆ ಗಾಳಿಯಾದ.

ಇದನ್ನೆಲ್ಲ ಅರ್ಥ ಮಾಡಿಕೊಳ್ಳಲು ನೀವು ಒಂದು ಹಾಳೆಯನ್ನು ನೋಡಬೇಕು. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಇಡುವ ಕಪಾಟಿನ ಬಾಗಿಲ ಒಳಬದಿಗೆ ವೈನಿ ಅದನ್ನು ಅಂಟಿಸಿದ್ದರು. ಮ್ಯಾಂಚೆಸ್ಟರಿನಿಂದ ಊರಿಗೆ ಹೋಗುವಾಗ ನಮ್ಮ ವಿಮಾನ ದುಬೈನಲ್ಲಿ ಬದಲಾಗುತ್ತಿತ್ತು. ಟಿಕೆಟ್ ಮಾಡಿಸಲು ಹೋದಾಗ ಏಜೆಂಟನ ಮೇಜಿನ ಮೇಲಿದ್ದ ಪುಸ್ತಿಕೆಯಿಂದ ವೈನಿ ಆ ಹಾಳೆಯನ್ನು ಹರಿದು ತಂದಿದ್ದರು. ಅದರಲ್ಲಿ ನಾಲ್ಕು ಚಿತ್ರ. ಮರಳ ದಿಬ್ಬದ ಮೇಲೆ ಹಾರುವ ಜೀಪು, ಒಂಟೆ ಸವಾರಿ, ಹಲಗೆಯ ಮೇಲೆ ಕೂತು ಮರಳಿನಲ್ಲಿ ಜಾರುವುದು, ಕೊನೆಗೆ ಸೂರ್ಯೋದಯದಲ್ಲಿ ಬಿಸಿಗಾಳಿಯ ಬಲೂನು. ಎಲ್ಲರೂ ದುಬೈನಲ್ಲಿ ಇಳಿದರೆ ಬಂಗಾರದ ಬಜಾರಿಗೆ ಹೋಗುತ್ತಾರಲ್ಲವೆ? ನಮ್ಮ ವೈನಿ ಮರಳಿಗೆ ಹೋಗುತ್ತಿದ್ದರು. ಗದಗದಲ್ಲಿ ಅವರ ತಂಗಿ "ಅಕ್ಕಾ, ದುಬೈದಿಂದ ಏನ್ ತಂದಿ?" ಎಂದು ಆಸೆಯಿಂದ ಕೇಳಿದರೆ, ವೈನಿ ಚಪ್ಪಲಿ ಬಿಚ್ಚಿ ಕೊಡವಿ ತೋರಿಸುತ್ತಿದ್ದರು.

ಎರಡು ವರ್ಷಕ್ಕೊಮ್ಮೆ ಈಸ್ಟರ್ ರಜೆಯಲ್ಲಿ ಊರಿಗೆ ಹೋಗುವುದು, ದಾರಿಯಲ್ಲಿ ಎರಡು ರಾತ್ರಿ ದುಬೈ, ಒಂದು ಸಲಕ್ಕೆ ಒಂದೇ ಚಿತ್ರ. ಇದು ಅವರ ನೇಮ. ಒಂದು ಚಿತ್ರ ಮುಗಿಸಿ ಮನೆಗೆ ಬಂದ ಮೊದಲ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಆದಮೇಲೆ ಕಪಾಟು ತೆಗೆದು, ಹಣೆಗೆ ಹಚ್ಚಿಕೊಂಡ ಅದೇ ಮೂರು ಬೆರಳಿನಿಂದ ಆ ಚಿತ್ರದ ಮೇಲೆ ವಿಭೂತಿ ಎಳೆಯುತ್ತಿದ್ದರು. ಪಾರಾಗಿ ಬಂದಿದ್ದಕ್ಕೆ ಶಿವನಿಗೊಂದು ರಸೀದಿ!

ಜೊತೆಗೆ ಯಾರು? ಅಣ್ಣ ಯಂತ್ರಗಳ ಎಂಜಿನಿಯರ್, ಎಂಥ ಗಾಲಿಯನ್ನಾದರೂ ತಿರುಗಿಸಬಲ್ಲ. ಆದರೆ ಬೇರೆಯವರು ಓಡಿಸುವ ಕಾರಿನಲ್ಲಿ ಕೂತು ರೌಂಡ್‌ಅಬೌಟ್ ಎರಡು ಸಲ ಸುತ್ತಿದರೆ ಅವನ ತಲೆಯೇ ತಿರುಗಿಬಿಡುತ್ತದೆ. ನಮ್ಮ ಮನೆಯವರದು ಬಸ್ಸಿನ ಕೆಲಸ, ಪಾಳಿಯ ಪಟ್ಟಿ ಬಿಟ್ಟುಕೊಟ್ಟಾಗ ರಜೆ. ಉಳಿದವಳು ನಾನು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ, ಎಸ್ಕಲೇಟರ್ ಕಂಡರೆ ಮೆಟ್ಟಿಲು ಹುಡುಕುವ ಹೆಂಗಸು. ಹೀಗೆ ಮರಳುಗಾಡಿಗೆ ನನ್ನ ನೇಮಕವಾಯಿತು.

ಮೊದಲನೆಯದು ಜೀಪು. ಚಾಲಕ ಪೇಶಾವರದ ಪಠಾಣ, ಬಹಳ ಮರ್ಯಾದೆಯ ಮನುಷ್ಯ. ಹೊರಡುವ ಮುನ್ನ ವೈನಿ ಚೀಲದಿಂದ ವಿಭೂತಿ ತೆಗೆದು ಜೀಪಿನ ಮೂತಿಗೆ ಎಳೆದರು. ಆಮೇಲೆ ಮೂರು ಬೆರಳು ಹಾಗೆಯೇ ಚಾಲಕನ ಹಣೆಯ ಕಡೆ ತಿರುಗಿದವು. ಅವನು ನಗುತ್ತ ಒಂದು ಹೆಜ್ಜೆ ಹಿಂದೆ ಸರಿದು ಹಿಂದಿಯಲ್ಲಿ, "ಅಕ್ಕಾ, ನನ್ನದನ್ನು ನಾನು ಮನೆಯಲ್ಲೇ ಮುಗಿಸಿ ಬಂದಿದ್ದೇನೆ, ಇದು ಗಾಡಿಗೇ ಇರಲಿ" ಎಂದ. ವೈನಿಗೆ ಆ ಉತ್ತರ ಬಹಳ ಹಿಡಿಸಿತು.

ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ಅವನು ಇಳಿದು ನಾಲ್ಕೂ ಟೈರಿನ ಗಾಳಿ ಬಿಡತೊಡಗಿದ. ವೈನಿ ಹೌಹಾರಿದರು. "ಏ ತಮ್ಮಾ! ಗಾಳಿ ಹಾಕೂದ ಬಿಟ್ಟು ತಗೀತೀಯಲ್ಲೋ!" ಅವನು ಕನ್ನಡ ಅರ್ಥವಾದವನಂತೆ ವಿವರಿಸಿದ: ಬಿಗಿಯಾದ ಟೈರು ಮರಳಿನಲ್ಲಿ ಹೂತುಹೋಗುತ್ತದೆ, ಸಡಿಲಾದದ್ದು ಅಗಲವಾಗಿ ತೇಲಿಕೊಂಡು ಹೋಗುತ್ತದೆ. ವೈನಿ ಆ ಮಾತನ್ನು ಗುರುವಾಕ್ಯದಂತೆ ಕೇಳಿಸಿಕೊಂಡರು. ಆಮೇಲೆ ಜೀಪು ದಿಬ್ಬ ಹತ್ತಿ ಆಚೆ ಬಿದ್ದಾಗ ನನಗೆ ಕಂಡದ್ದು ಆಕಾಶ, ಮರಳು, ಮತ್ತೆ ಆಕಾಶ. ನಾನು ಹಾರಿ ಓಡಿಹೋಗದಂತೆ ವೈನಿ ನನ್ನ ಎಡಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಎರಡು ಗಾಜಿನ ಬಳೆ ಒಡೆದವು.

ಗುರುವಾಕ್ಯ ವ್ಯರ್ಥವಾಗಲಿಲ್ಲ. ಮರುವರ್ಷ ಹಡರ್ಸ್‌ಫೀಲ್ಡಿನಲ್ಲಿ ಹಿಮ ಬಿದ್ದ ಬೆಳಿಗ್ಗೆ ವೈನಿ ಅಣ್ಣನಿಗೆ ಸಹಾಯವಾಗಲೆಂದು ಕಾರಿನ ನಾಲ್ಕೂ ಟೈರಿನ ಗಾಳಿ ಬಿಟ್ಟರು. ಪೂರ್ತಿ ಬಿಟ್ಟರು! ಅಣ್ಣ ಟೈ ಕಟ್ಟಿಕೊಂಡು ಹೊರಗೆ ಬಂದರೆ ಕಾರು ಗುಡಿಯ ಮುಂದಿನ ನಂದಿಯಂತೆ ಕೂತಿದೆ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಯಾರೋ ಪುಂಡರ ಕೆಲಸವೆಂದು ಪೊಲೀಸರಿಗೆ ಫೋನ್ ಮಾಡಲು ಹೊರಟರಂತೆ. ವೈನಿ ಬೇಲಿಯಾಚೆಯಿಂದ ಕೈ ಬೀಸಿ ಸಮಾಧಾನ ಹೇಳಿದರು: "ನೋ ಪೊಲೀಸ್, ನೋ ಪೊಲೀಸ್! ಡೆಸರ್ಟ್ ಸಿಸ್ಟಮ್!"

ಅಣ್ಣ ಆ ದಿನ ನಡೆದುಕೊಂಡೇ ಕೆಲಸಕ್ಕೆ ಹೋದ.

ಒಂಟೆಯ ವಿಷಯ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಬಿದ್ದವಳು ನಾನು. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಅದರ ಕುತ್ತಿಗೆಯ ಮೇಲಿಂದ ಮೆಲ್ಲಗೆ ಜಾರಿ ಮರಳಿನಲ್ಲಿ ಕೂತೆ. ವೈನಿ ಚೀಲದಿಂದ ಕಡಕ್ ರೊಟ್ಟಿ ತೆಗೆದು ನನಗೊಂದು, ಒಂಟೆಗೊಂದು ಕೊಟ್ಟರು. ಒಂಟೆ ಕಣ್ಣು ಮುಚ್ಚಿ ಅಗಿದು, ಸಂಜೆಯವರೆಗೂ ಅವರ ಸೆರಗಿನ ಹಿಂದೆಯೇ ತಿರುಗಿತು. ಆ ರಾತ್ರಿ ವೈನಿ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಇದು ನಿಮಗಿಂತ ಚಲೋ ಅದರೀ. ರೊಟ್ಟಿ ಎಂದಿಂದು ಅಂತ ಕೇಳಲಿಲ್ಲ."

ಮೂರನೆಯದಕ್ಕೆ ತಯಾರಿ ದೊಡ್ಡದು. ಫೆಬ್ರವರಿಯಲ್ಲಿ ಉದ್ಯಾನದ ಇಳಿಜಾರಿನಲ್ಲಿ ಹಿಮ ಗಟ್ಟಿಯಾದಾಗ ಮಕ್ಕಳೆಲ್ಲ ಪ್ಲಾಸ್ಟಿಕ್ ಹಲಗೆ ಹಿಡಿದು ಜಾರುತ್ತಿದ್ದರು. ವೈನಿ ರೊಟ್ಟಿ ಬಡಿಯುವ ಸ್ಟೀಲಿನ ಪರಾತ ಹಿಡಿದು ಬಂದರು. ಊರಿಂದ ತಂದ ದೊಡ್ಡ ತಟ್ಟೆ, ಕುಟುಂಬವೇ ಕೂತು ಊಟ ಮಾಡುವಷ್ಟು ಅಗಲ. ಅದರಲ್ಲಿ ಕೂತು ಸೀರೆ ಸುತ್ತಿಕೊಂಡು, "ಹರ ಹರ" ಎಂದು ಇಳಿದರೆ ಯಾವ ಪ್ಲಾಸ್ಟಿಕ್ಕೂ ಹಿಂದೆಯೇ! ಸ್ವಲ್ಪ ಹೊತ್ತಿನಲ್ಲಿ ಪರಾತದ ಮುಂದೆ ಮಕ್ಕಳ ಸಾಲು ನಿಂತಿತ್ತು.

ಹಾಗಾಗಿ ಪರಾತ ದುಬೈಗೂ ಬಂತು. ಅಲ್ಲಿನವರು ಕೊಟ್ಟ ಹಲಗೆಯನ್ನು ವೈನಿ ಮುಟ್ಟಲಿಲ್ಲ. "ಗುರುತಿಲ್ಲದ ಹಲಗಿ ಮ್ಯಾಲ ನಾ ಕೂಡೂದಿಲ್ಲ." ಆದರೆ ಪರಾತ ಮಧ್ಯಾಹ್ನವೆಲ್ಲ ಜೀಪಿನ ತಲೆಯ ಮೇಲೆ ಬಿಸಿಲಿನಲ್ಲಿತ್ತು. ವೈನಿ ದಿಬ್ಬದ ತುದಿಯಲ್ಲಿ ಅದನ್ನಿಟ್ಟು ಕೂತರು. ಕೂತಷ್ಟೇ ಬೇಗ ಎದ್ದರು!

"ಶಾಂತಾ! ಹಂಚು ಆಗೇದಲ್ಲ ಇದು!"

ಕುಡಿಯುವ ನೀರು ಸುರಿದು ತಣಿಸಿದೆವು. ಮತ್ತೆ ಕೂತರು. ಹಿಮದಲ್ಲಿ ಹಾರಿದ್ದ ಪರಾತ ಮರಳಿನಲ್ಲಿ ಹಟ ಹಿಡಿದು ಕೂತಿತು. ನಾನು ಹಿಂದಿನಿಂದ ನೂಕಿದೆ. ವೈನಿ ಮುಂದಕ್ಕೆ ಉರುಳಿದರು. ಅವರ ಭಾರ ಇಳಿದದ್ದೇ ತಡ, ಪರಾತ ಎಚ್ಚರವಾಗಿ, ಥಳಥಳ ಹೊಳೆಯುತ್ತ, ಒಂದೇ ಉಸಿರಿಗೆ ಕೆಳಗಿಳಿದು ನಿಂತಿತು. ವೈನಿ ಸೀರೆ ಕೊಡವಿಕೊಂಡು, ನನ್ನ ಕೈ ಹಿಡಿದು, ಗಂಭೀರವಾಗಿ ಅದರ ಹಿಂದೆ ನಡೆದರು.

"ವೈನಿ, ಇದು ಆದಂಗ ಏನ್ರಿ?"

"ಪರಾತ ನಮ್ಮನಿದು. ಅದು ಇಳೀತಂದ್ರ ನಾ ಇಳಿದಂಗ."

ವಿಭೂತಿ ಬಿತ್ತು.

ಉಳಿದದ್ದು ಬಲೂನು. ಬುಟ್ಟಿ ಯಾಕೆಂದು ಈಗ ನಿಮಗೆ ಗೊತ್ತಾಯಿತು. ಆ ಭಾನುವಾರ ಊಟವಾದ ಮೇಲೆ ಏಜೆಂಟನ ಕಾಗದ ತೋರಿಸಿದರು. ಇಬ್ಬರ ಹೆಸರು ಬರೆದು ಸಹಿ ಮಾಡಿ ಮಂಗಳವಾರದೊಳಗೆ ಕೊಡಬೇಕು. ತಮ್ಮ ಹೆಸರನ್ನೂ ಬರೆದಿರಲಿಲ್ಲ.

"ಏನಂತೀ?"

"ನಾಳೆ ಹೇಳ್ತೀನ್ರಿ ವೈನಿ. ಕೆಲಸದಾಗ ರಜಾ ಕೇಳಬೇಕು."

"ಶಾಲಿಗೇ ರಜಾ ಇರ್ತದಲ್ಲ, ನೀ ಯಾರಿಗೆ ಕೇಳ್ತೀ?"

ನಾನು ನಕ್ಕೆ. ಅವರೂ ನಕ್ಕರು. ಹೊರಡುವಾಗ ಬಾಗಿಲಲ್ಲಿ, "ಸ್ವಲ್ಪ ಗಾಳಿ ಬಿಟ್ಕೋ ಶಾಂತಾ. ಇಷ್ಟು ಬಿಗಿ ಇರಬಾರದು" ಎಂದು, ದಾರಿಗೆಂದು ನಾಲ್ಕು ರೊಟ್ಟಿ ಕಟ್ಟಿಕೊಟ್ಟರು. ಇಪ್ಪತ್ತು ನಿಮಿಷದ ರೈಲಿಗೆ ನಾಲ್ಕು ರೊಟ್ಟಿ! ನಾನು ರೈಲಿನಲ್ಲಿ ಕೂತು, ಮರುದಿನ ಇಲ್ಲ ಎನ್ನುವುದನ್ನು ಹೇಗೆ ನೋವಾಗದಂತೆ ಹೇಳುವುದು ಎಂದು ಯೋಚಿಸುತ್ತ ಹೋದೆ. ಹೌದು, ಇಲ್ಲ ಎಂದೇ ಹೇಳುವವಳಿದ್ದೆ.

ಹೇಳಬೇಕಾಗಿ ಬರಲಿಲ್ಲ. ಸೋಮವಾರ ಮಧ್ಯಾಹ್ನ ನಾನು ಶಾಲೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಾಗ ಅಣ್ಣನ ಫೋನ್ ಬಂತು. ವೈನಿಯ ತಲೆಯಲ್ಲಿ ನರ ಒಡೆದಿತ್ತು. ನಾನು ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ನಮ್ಮಲ್ಲಿ ದೇಹವನ್ನು ಕೂಡಿಸಿ ಮಣ್ಣು ಮಾಡುವುದು ರೂಢಿ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಬೇಕಾಯಿತು. ಹಗಲು ಹೊತ್ತಿನಲ್ಲಿ ವೈನಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಂದವರೆಲ್ಲ "ಗಟ್ಟಿಯಾಗಬೇಕು, ಗಟ್ಟಿಯಾಗಬೇಕು" ಎಂದು ನಮ್ಮಿಬ್ಬರಿಗೂ ಹೇಳಿ ಹೋದರು. ಬಿಗಿಯಾದದ್ದು ಹೂತುಹೋಗುತ್ತದೆ ಎಂದು ಹೇಳುವವರು ಅವರಲ್ಲಿ ಯಾರೂ ಇರಲಿಲ್ಲ.

ಹದಿನೈದು ದಿನವಾದ ಮೇಲೆ ಅಣ್ಣನಿಗೆ ಅಡುಗೆ ಮಾಡಿಡಲು ಹೋಗಿದ್ದೆ. ಬುಟ್ಟಿ ಹಿಂದಿನ ಕೋಣೆಯಲ್ಲಿ ಹಾಗೆಯೇ ಇತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಅಣ್ಣ ಹೇಳಿದ:

"ಆಕಿಗೆ ಎತ್ತರ ಅಂದ್ರ ಆಗ್ತಿರಲಿಲ್ಲ, ಗೊತ್ತದ ಇಲ್ಲೋ ನಿನಗ? ಈ ಮನಿಯೊಳಗ ಒಂದ್ ಬಲ್ಬ್ ಹಾಕಾಕ ಸ್ಟೂಲ್ ಹತ್ತಿದಾಕಿ ಅಲ್ಲ. ಅದಕ್ಕ ಬಲೂನ್ ಕಡೀಕ್ ಇಟ್ಟಿದ್ದಳು."

"ಮತ್ಯಾಕ ಹೋಗ್ತಿದ್ರು, ಅಣ್ಣಾ?"

"ಶಾಂತಾ ಕೈ ಹಿಡಕೊಂಡ್ರ ನನಗೇನೂ ಅನ್ಸಂಗಿಲ್ಲ, ಅಂತಿದ್ದಳು. ಜೀಪಿನಾಗೂ ನಿನ್ನ ಕೈ ಬಿಟ್ಟಿರಲಿಲ್ಲಂತ."

ಒಡೆದ ಬಳೆಗಳು ನನಗೆ ನೆನಪಾದವು. ನಾನು ಕೋಟು ಹಾಕಿಕೊಂಡೇ ಬುಟ್ಟಿಯೊಳಗೆ ಕಾಲಿಟ್ಟೆ. ಅಣ್ಣ ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ತೂಗಿದ. ಒಂದು ಬದಿಗೆ ಸರಿದು ನಿಂತು ನೋಡಿದೆ. ಇಬ್ಬರು ಹಿಡಿಯುತ್ತೇವೆ.

ಕಪಾಟಿನ ಬಾಗಿಲಿನಲ್ಲಿ ಆ ಹಾಳೆ ಈಗಲೂ ಇದೆ. ಜೀಪು, ಒಂಟೆ, ಹಲಗೆ, ಮೂರರ ಮೇಲೂ ವಿಭೂತಿಯ ಗೆರೆ ಇದೆ. ಬಲೂನಿನ ಮೇಲೆ ಇಲ್ಲ.